ಬಿಟ್ಟಿ ಸಾಂಬಾರಿನ ಲೆಕ್ಕ

ಬೆಲೆ ಕಟ್ಟುವ ವಿದ್ಯೆ ಲೋಕದಲ್ಲಿ ಬಹಳ ಹಳೆಯದು. ಬಟ್ಟೆಯನ್ನು ಗಜದಲ್ಲಿ ಅಳೆಯಬಹುದು, ಅಕ್ಕಿಯನ್ನು ತಕ್ಕಡಿಯಲ್ಲಿ ತೂಗಬಹುದು, ಹಾಲನ್ನು ಪಾವಿನಲ್ಲಿ ಹೊಯ್ಯಬಹುದು. ಆದರೆ ಗಜಕ್ಕೂ ತಕ್ಕಡಿಗೂ ಪಾವಿಗೂ ಸಿಕ್ಕದ ಸರಕು ಒಂದಿದ್ದರೆ ಅದಕ್ಕೆ ಎಷ್ಟು ರೂಪಾಯಿ ಎನ್ನಬೇಕು? ಈ ಪ್ರಶ್ನೆ ಕಳೆದ ಎರಡು ವರ್ಷಗಳಿಂದ ಡೊಂಬಿವಲಿಯ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂಡುವ ಅತಿಥಿಯಾಗಿದೆ. ನಮ್ಮಂತೆ ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಮಕ್ಕಳು ಒಳ್ಳೆಯ ನೌಕರಿ ಬಿಟ್ಟು ಸ್ವಂತ ಉದ್ಯೋಗಕ್ಕೆ ಕೈಹಾಕುವುದು ಈಗ ಅಪರೂಪವೇನೂ ಅಲ್ಲ. ಆದುದರಿಂದ ನಮಗೆ ತಿಳಿದುಬಂದ ನಾಲ್ಕು ಲೆಕ್ಕಗಳನ್ನು ವಾಚಕರ ಮುಂದೆ ಇಡೋಣವೆಂದು ಈ ಬರೆಹ.

ವಿಷಯ ಇಷ್ಟು. ನಮ್ಮ ಮಗಳೂ ಅವಳ ಸಹಪಾಠಿಯಾದ ಹುಬ್ಬಳ್ಳಿಯ ಹುಡುಗನೊಬ್ಬನೂ ಸೇರಿ ಸಣ್ಣ ಕಂಪನಿಯೊಂದನ್ನು ತೆರೆದಿದ್ದಾರೆ. ಸಣ್ಣ ವ್ಯಾಪಾರಿಗಳು ತಮ್ಮ ವೆಬ್‌ಸೈಟನ್ನು ತಾವೇ ಮಾಡಿಕೊಳ್ಳಲು ಬೇಕಾದ ಸಾಧನ ಅವರ ಸರಕು. ವ್ಯಾಪಾರಿಯು ಅವರು ಸಿದ್ಧಮಾಡಿಟ್ಟ ಹತ್ತಾರು ನಮೂನೆಗಳಲ್ಲಿ ಒಂದನ್ನು ಆರಿಸಿಕೊಂಡು, ತನ್ನ ಅಂಗಡಿಯ ಫೋಟೋ, ವಿಳಾಸ, ಫೋನ್ ನಂಬರು, ದರಪಟ್ಟಿ ಇವನ್ನು ತುಂಬಿದರೆ ಅರ್ಧ ಗಂಟೆಯಲ್ಲಿ ಅವನಿಗೊಂದು ಜಾಲತಾಣ ಸಿದ್ಧವಾಗುತ್ತದೆ. ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ಮೊಬೈಲು ಹಿಡಿಯಲು ಬಂದರೆ ಸಾಕು. ಈ ಉದ್ಯೋಗದಲ್ಲಿ ನಮ್ಮ ನಿವೃತ್ತಿಯ ಹಣದ 4 ಲಕ್ಷ ರೂಪಾಯಿ ಕೂತಿದೆ. ನಮ್ಮಿಬ್ಬರಲ್ಲಿ ಒಬ್ಬರು ಲೆಕ್ಕಪತ್ರದ ಕಚೇರಿಯಲ್ಲಿ ಮೂವತ್ತು ವರ್ಷ ಕೂತವರು, ಇನ್ನೊಬ್ಬರು ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಹೀಗಾಗಿ ಹಣದ ಹಿಂದೆಯೇ ನಮ್ಮ ಪೆನ್ಸಿಲೂ ಅಲ್ಲಿಗೆ ಹೋಯಿತು.

ಹೀಗೆ ತಂದೆತಾಯಿಯ ಹಣ ಈ ಬಗೆಯ ಉದ್ಯೋಗಕ್ಕೆ ಹೋಗುವುದು ಹೊಸ ಮಾತಲ್ಲ. ಅಮೆರಿಕದಲ್ಲಿ ಸ್ಕ್ವೇರ್‌ಸ್ಪೇಸ್ ಎಂಬ ಪ್ರಸಿದ್ಧ ಕಂಪನಿಯುಂಟು; ಅದರದೂ ಇದೇ ಕಸುಬು. ಆಂಥನಿ ಕಸಲೇನಾ ಎಂಬ ಹುಡುಗ 2003ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಅದನ್ನು ಆರಂಭಿಸಿದಾಗ ಮೂಲಧನವಾಗಿ ಬಂದುದು ಬಹುಮಟ್ಟಿಗೆ ತಂದೆಯಿಂದ ಪಡೆದ 30,000 ಡಾಲರು. 2021ರಲ್ಲಿ ಆ ಕಂಪನಿ ನ್ಯೂಯಾರ್ಕಿನ ಷೇರುಪೇಟೆಗೆ ಬಂದಿತು. ಮಗಳು ನಮ್ಮ ಬಳಿ ಹಣ ಕೇಳಿದ ದಿನ ಈ ಕಥೆಯನ್ನು ವಿಸ್ತಾರವಾಗಿ ಹೇಳಿದಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಬೆಲೆಯ ಮಾತು. ಕಿರಾಣಿ ಅಂಗಡಿಯ ಪದ್ಧತಿ ಎಲ್ಲರಿಗೂ ಗೊತ್ತು: ಕೊಂಡ ಬೆಲೆ ಇಷ್ಟು, ಸಾಗಣೆ ಇಷ್ಟು, ಅದರ ಮೇಲೆ ಲಾಭ ಇಷ್ಟು. ಈ ಸರಕಿಗೆ ಆ ಪದ್ಧತಿ ಹೊಂದುವುದಿಲ್ಲ. ಸಾಧನವನ್ನು ಒಮ್ಮೆ ಕಟ್ಟಿದ ಮೇಲೆ ನೂರನೆಯ ಅಂಗಡಿಯ ಪುಟವನ್ನು ಇಟ್ಟುಕೊಳ್ಳಲು ಕಂಪ್ಯೂಟರಿನ ಬಾಡಿಗೆ ತಿಂಗಳಿಗೆ ಕೆಲವೇ ರೂಪಾಯಿ. ಇದನ್ನು ನೋಡಿದವರಿಗೆ ‘ತಿಂಗಳಿಗೆ 99 ರೂಪಾಯಿ ಇಟ್ಟರೂ ಲಾಭವೇ’ ಎನ್ನಿಸುತ್ತದೆ. ಹುಡುಗರು ಮೊದಲ ಆರು ತಿಂಗಳು ಆ ದರವನ್ನೇ ಪರೀಕ್ಷೆಗೆ ಇಟ್ಟರು. ಆಗ ತಿಳಿದುಬಂದ ಸಂಗತಿ ಏನೆಂದರೆ, ಗಿರಾಕಿ ಪುಟವನ್ನು ಒಮ್ಮೆ ಮಾಡಿಕೊಳ್ಳುತ್ತಾನೆ; ಫೋನನ್ನು ಪದೇಪದೇ ಮಾಡುತ್ತಾನೆ. ‘ಫೋಟೋ ಅಡ್ಡವಾಗಿ ಬಂದಿದೆ’, ‘ಹೊಸ ದರ ಹಾಕಬೇಕು’, ‘ಗಣೇಶ ಹಬ್ಬಕ್ಕೆ ಎರಡು ದಿನ ರಜೆ ಎಂದು ಎಲ್ಲಿ ಬರೆಯುವುದು?’ 99 ಕೊಟ್ಟವನೂ ಗಿರಾಕಿಯೇ. ಅವನ ಅರ್ಧ ಗಂಟೆಯ ಪ್ರಶ್ನೆಗೂ ಉತ್ತರ ಬೇಕು. ನಾವು 99ರ ಪರವಾಗಿ ಏನೋ ಹೇಳಹೊರಟಾಗ ಹುಬ್ಬಳ್ಳಿಯ ಹುಡುಗ, “ಕಾಕಾ, ಫೋನ್ ಎತ್ತೋ ರೊಕ್ಕಾನೂ ಇದರಾಗs ಬರಬೇಕಲ್ರೀ” ಎಂದ.

ಲೆಕ್ಕ ಹಾಕಿ ನೋಡಿದೆವು. ಫೋನಿಗೆ ಕೂಡುವ ಒಬ್ಬ ಸಹಾಯಕಿಯ ಸಂಬಳ ತಿಂಗಳಿಗೆ 25,000 ರೂಪಾಯಿ ಎಂದು ಹಿಡಿಯಿರಿ. 99ರ ದರದಲ್ಲಿ ಆ ಒಂದು ಸಂಬಳ ಹುಟ್ಟಲು 253 ಗಿರಾಕಿಗಳು ಬೇಕು. 400ರ ದರದಲ್ಲಿ 63 ಮಂದಿ ಸಾಕು. ಹಾಗಾದರೆ ಗಿರಾಕಿ ಕೊಡುವ ಹಣ ಪುಟಕ್ಕಲ್ಲ, ಪುಟವನ್ನು ನೋಡಿಕೊಳ್ಳುವುದಕ್ಕೆ. ಕೃತಕ ಬುದ್ಧಿಯ ಯಂತ್ರಗಳು ಬಂದ ಮೇಲಂತೂ ಪುಟ ಕಟ್ಟುವ ಕೆಲಸ ನಿಮಿಷಗಳಿಗೆ ಇಳಿದಿದೆ. ಅದರ ಬೆಲೆ ಇನ್ನೂ ಇಳಿಯುವುದೇ ಹೊರತು ಏರುವುದಿಲ್ಲ. ನೋಡಿಕೊಳ್ಳುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ.

ಇಲ್ಲಿ ಬಿಟ್ಟಿಯ ಪ್ರಶ್ನೆ ಬರುತ್ತದೆ. ಈ ಕಸುಬಿನಲ್ಲಿ ಬಿಟ್ಟಿ ಕೊಡುವವರು ಅನೇಕರು. ನಮ್ಮ ಪರಿಚಯದ ಉಡುಪಿ ಹೋಟೆಲಿನ ಯಜಮಾನರೊಬ್ಬರನ್ನು ಈ ಕುರಿತು ಕೇಳಿದೆವು. ಅವರ ಹೋಟೆಲಿನಲ್ಲಿ ಇಡ್ಲಿಯ ಜೊತೆ ಸಾಂಬಾರನ್ನು ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ. ಅವರು ನಕ್ಕು, “ಸಾಂಬಾರು ಧರ್ಮಕ್ಕೆ ಕೊಡುವುದಲ್ಲ ಮಾರಾಯ್ರೆ. ಸಾಂಬಾರು ಇದ್ದರೆ ಇನ್ನೊಂದು ಪ್ಲೇಟ್ ಇಡ್ಲಿ ಹೋಗ್ತದೆ. ಇಡ್ಲಿ ತಗೊಳ್ಳದೆ ಬರೇ ಸಾಂಬಾರು ಕೇಳುವವರಿಗೆ ನಾನು ಕೊಡುದಿಲ್ಲ” ಎಂದರು. ಬಿಟ್ಟಿಯ ಅರ್ಥಶಾಸ್ತ್ರವೆಲ್ಲ ಈ ಮಾತಿನಲ್ಲಿದೆ. ಬಿಟ್ಟಿ ಕೊಡುವ ವಸ್ತು ಅಗ್ಗವಾಗಿರಬೇಕು. ಅದು ಹಣದ ವಸ್ತುವನ್ನು ಮಾರಿಸಬೇಕು.

2006ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ವಿಕ್ಸ್ ಎಂಬ ಕಂಪನಿ ಮಾಡಿದುದು ಇದನ್ನೇ. ಅವರಲ್ಲಿ ಬಿಟ್ಟಿ ಪುಟ ಸಿಗುತ್ತದೆ. ಆದರೆ ಅದರ ಮೇಲೆ ವಿಕ್ಸ್‌ನ ಜಾಹೀರಾತಿನ ಪಟ್ಟಿ ಇರುತ್ತದೆ, ವಿಳಾಸದಲ್ಲಿಯೂ ಅವರ ಹೆಸರೇ ಇರುತ್ತದೆ. ತನ್ನದೇ ಹೆಸರು ಬೇಕು, ಜಾಹೀರಾತು ಬೇಡ ಎನ್ನುವ ವ್ಯಾಪಾರಿ ಹಣ ಕೊಡುತ್ತಾನೆ. ಬಿಟ್ಟಿ ಪುಟವೇ ಊರೂರು ತಿರುಗುವ ಜಾಹೀರಾತಾಗಿ ಹೊಸ ಗಿರಾಕಿಯನ್ನು ತರುತ್ತದೆ. ಕೋಟಿಗಟ್ಟಲೆ ಜನ ಬರುವ ಕಡೆ ಈ ಉಪಾಯ ನಡೆಯುತ್ತದೆ, ಏಕೆಂದರೆ ನೂರರಲ್ಲಿ ಕೆಲವರೇ ಹಣ ಕೊಟ್ಟರೂ ಆ ಕೆಲವರ ಸಂಖ್ಯೆ ದೊಡ್ಡದಾಗುತ್ತದೆ. ಇನ್ನೂರು ಮುನ್ನೂರು ಗಿರಾಕಿಗಳ ಅಂಗಡಿಯಲ್ಲಿ ನೂರಕ್ಕೆ ನಾಲ್ಕು ಮಂದಿ ಇಡ್ಲಿ ಕೊಂಡರೆ ಒಲೆಯ ಗ್ಯಾಸಿಗೂ ಸಾಲದು. ಸ್ಕ್ವೇರ್‌ಸ್ಪೇಸಿನವರು ಬೇರೆ ದಾರಿ ಹಿಡಿದರು: ಕೆಲವು ದಿನ ಪ್ರಯೋಗಕ್ಕೆ ಬಿಟ್ಟಿ, ಆಮೇಲೆ ಹಣ. ಎರಡೂ ಕಂಪನಿಗಳು ಬೆಳೆದವು.

ಬಿಟ್ಟಿಯ ಇನ್ನೊಂದು ಮುಖವನ್ನೂ ನೋಡಬೇಕು. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬುದು ಜನರಿಗೆ ಬಿಟ್ಟಿ ಪುಟಗಳನ್ನು ಕೊಟ್ಟು ಬಹಳ ಹೆಸರು ಮಾಡಿತ್ತು. 1999ರಲ್ಲಿ ಯಾಹೂ ಕಂಪನಿ ಅದನ್ನು ಕೊಂಡಿತು. 2009ರಲ್ಲಿ, ಜಪಾನಿನ ವಿಭಾಗವೊಂದನ್ನು ಬಿಟ್ಟು, ಮುಚ್ಚಿಬಿಟ್ಟಿತು. ನಮ್ಮ ಕಾಲಕ್ಕೇ ಬಂದರೆ, ಗೂಗಲ್ 2017ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಬಿಟ್ಟಿ ವೆಬ್‌ಸೈಟು ಕೊಡುವ ಏರ್ಪಾಡು ಮಾಡಿತು. 2024ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಿತು. ಕೊಟ್ಟವರನ್ನು ದೂರುವಂತಿಲ್ಲ, ಬಿಟ್ಟಿ ಕೊಟ್ಟುದನ್ನು ನಿಲ್ಲಿಸುವ ಅಧಿಕಾರ ಅವರಿಗಿದೆ. ಆದರೆ ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಆ ವಿಳಾಸವನ್ನು ಅಚ್ಚುಹಾಕಿಸಿದ ಅಂಗಡಿಕಾರ ಏನು ಮಾಡಬೇಕು? ಹಾಗೆ ವಿಳಾಸ ಕಳೆದುಕೊಂಡ ಠಾಣೆಯ ಅಡಿಗೆ ಗುತ್ತಿಗೆದಾರರೊಬ್ಬರು ನಮ್ಮ ಹುಡುಗರ ಬಳಿ ಬಂದು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ. “ನೀವು ಎಷ್ಟು ವರ್ಷ ಇರ್ತೀರಿ ಮಗಳೇ?” ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ತೂತು ಕೊಡದ ಲೆಕ್ಕದಲ್ಲಿದೆ. ತಿಂಗಳ ಬಾಡಿಗೆಯ ಯಾವ ವ್ಯಾಪಾರದಲ್ಲಿಯೂ ಪ್ರತಿ ತಿಂಗಳು ಕೆಲವರು ಬಿಟ್ಟುಹೋಗುತ್ತಾರೆ. ಸಣ್ಣ ಅಂಗಡಿಗಳ ವಿಷಯದಲ್ಲಿ ಇದು ಹೆಚ್ಚು. ಅಂಗಡಿಯೇ ಮುಚ್ಚುತ್ತದೆ, ಪಾಲುದಾರರು ಬೇರೆಯಾಗುತ್ತಾರೆ, ಜಾಗದ ಮಾಲಿಕ ಬಾಡಿಗೆ ಏರಿಸುತ್ತಾನೆ. ತಿಂಗಳಿಗೆ ನೂರಕ್ಕೆ ಐದು ಮಂದಿ ಬಿಡುವರೆಂದು ಇಟ್ಟುಕೊಳ್ಳೋಣ. ಕೇಳಲು ಸಣ್ಣ ಸಂಖ್ಯೆ. ಆದರೆ ಇಂದು ಬಂದ 100 ಮಂದಿಯಲ್ಲಿ ಹನ್ನೆರಡು ತಿಂಗಳ ಮೇಲೆ ಉಳಿಯುವವರು 54 ಮಂದಿ ಮಾತ್ರ.

ಬೆಳವಣಿಗೆಯ ಮೇಲೆ ಇದರ ಪರಿಣಾಮ ಇನ್ನೂ ಗಂಭೀರ. ಹುಡುಗರು ಓಡಾಡಿ ತಿಂಗಳಿಗೆ 50 ಹೊಸ ಗಿರಾಕಿಗಳನ್ನು ತರುತ್ತಾರೆನ್ನಿ. ನೂರಕ್ಕೆ ಐದರಂತೆ ಸೋರುತ್ತಿದ್ದರೆ ಗಿರಾಕಿಗಳ ಸಂಖ್ಯೆ 1,000ದ ಹತ್ತಿರ ಹೋಗಿ ನಿಂತುಬಿಡುತ್ತದೆ. 1,000ಕ್ಕೆ ಐದು ಶೇಕಡಾ ಎಂದರೆ 50, ಬಂದಷ್ಟೇ ಹೋದರು. ಹತ್ತು ವರ್ಷ ಓಡಾಡಿದರೂ ಅಷ್ಟೇ. ಅದೇ ಸೋರಿಕೆಯನ್ನು ನೂರಕ್ಕೆ ಎರಡಕ್ಕೆ ಇಳಿಸಿದರೆ, ಅದೇ 50ರ ಓಡಾಟದಲ್ಲಿ ಸಂಖ್ಯೆ 2,500ರವರೆಗೆ ಏರುತ್ತದೆ. ಒಂದು ಹೆಜ್ಜೆ ಹೆಚ್ಚು ನಡೆಯದೆ ಎರಡೂವರೆ ಪಟ್ಟು. ಬೆಳವಣಿಗೆ ಎಂದರೆ ಹೊಸಬರನ್ನು ಹಿಡಿದು ತರುವುದೆಂದು ನಾವೆಲ್ಲ ತಿಳಿಯುತ್ತೇವೆ. ಕೊಡದ ತೂತನ್ನು ಮುಚ್ಚುವವನು ನಲ್ಲಿಯನ್ನು ದೊಡ್ಡದು ಮಾಡುವವನಿಗಿಂತ ಮುಂದೆ ಹೋಗುತ್ತಾನೆಂದು ಗಣಿತ ಹೇಳುತ್ತದೆ.

ಇದಕ್ಕೆ ಬೆಲೆಯನ್ನು ಜೋಡಿಸಿ ನೋಡಿ. ಒಬ್ಬ ಗಿರಾಕಿಯನ್ನು ಸಂಪಾದಿಸಲು ಲೋಕಲ್ ರೈಲಿನ ಪಾಸು, ಹತ್ತು ಅಂಗಡಿಗಳ ಮೆಟ್ಟಿಲು, ತೋರಿಸಿ ವಿವರಿಸುವ ವೇಳೆ ಎಲ್ಲ ಸೇರಿ 1,500 ರೂಪಾಯಿ ತಗಲುವುದೆಂದು ಹಿಡಿದರೆ, 99ರ ದರದಲ್ಲಿ ಅದು ಹಿಂದಿರುಗುವುದು ಹದಿನಾರನೆಯ ತಿಂಗಳಲ್ಲಿ. ಅಷ್ಟರಲ್ಲಿ ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಟ್ಟುಹೋಗಿರುತ್ತಾರೆ. 400ರ ದರದಲ್ಲಿ ನಾಲ್ಕೇ ತಿಂಗಳಲ್ಲಿ ಹಣ ಹಿಂದಿರುಗುತ್ತದೆ. ಆಗ ಇನ್ನೂ 81 ಮಂದಿ ಉಳಿದಿರುತ್ತಾರೆ. ಕಡಿಮೆ ಬೆಲೆ ಇಟ್ಟರೆ ಬೇಗ ಬೆಳೆಯಬಹುದೆಂಬ ನಂಬಿಕೆ ಇಲ್ಲಿ ಮುಗ್ಗರಿಸುತ್ತದೆ. ಕಡಿಮೆ ಬೆಲೆಯ ಗಿರಾಕಿಗೆ ಫೋನು ಎತ್ತುವವರಿಲ್ಲ. ಫೋನು ಎತ್ತದ ಕಾರಣ ಅವನು ಬಿಡುತ್ತಾನೆ. ಅವನು ಬಿಟ್ಟ ಕಾರಣ ಮತ್ತೊಬ್ಬನನ್ನು ಹುಡುಕಲು ಹಣ ಬೇಕು.

ದರವನ್ನು ಒಂದೇ ಇಡಬೇಕೋ ಹಲವು ಇಡಬೇಕೋ ಎಂಬ ಚರ್ಚೆಗೆ ಮುಂಬಯಿಯ ಹೋಟೆಲಿನ ದರಪಟ್ಟಿಯೇ ದಾರಿ ತೋರಿಸಿತು. ಸಾದಾ ದೋಸೆ, ಮಸಾಲೆ ದೋಸೆ, ಮೈಸೂರು ಮಸಾಲೆ. ಮೂರಕ್ಕಿಂತ ಹೆಚ್ಚಾದರೆ ಗಿರಾಕಿ ತಬ್ಬಿಬ್ಬಾಗುತ್ತಾನೆ. ಒಂದೇ ಆದರೆ ಕೈಯಲ್ಲಿ ಹಣವಿದ್ದವನಿಗೂ ಹೆಚ್ಚು ಕೊಡಲು ದಾರಿಯಿಲ್ಲ. ಸಾದಾ ದೋಸೆಯಲ್ಲಿ ಪುಟವೊಂದು, ಫೋನ್ ನಂಬರು, ನಕ್ಷೆ. ಮಸಾಲೆಯಲ್ಲಿ ಸ್ವಂತ ಹೆಸರಿನ ವಿಳಾಸ, ಮೂರು ಭಾಷೆಗಳಲ್ಲಿ ದರಪಟ್ಟಿ, ಫೋನಿನ ಸಹಾಯ. ಮೈಸೂರು ಮಸಾಲೆಯಲ್ಲಿ ಮುಂಗಡ ಬುಕಿಂಗು, ಹಣ ಕಟ್ಟಿಸಿಕೊಳ್ಳುವ ವ್ಯವಸ್ಥೆ. ಬಹುಪಾಲು ಜನ ನಡುವಿನದನ್ನೇ ಆರಿಸುತ್ತಿದ್ದಾರೆ. ಆದುದರಿಂದ ಹುಡುಗರು ತಮ್ಮ ಮುಖ್ಯ ಸರಕನ್ನು ನಡುವೆ ಇಟ್ಟಿದ್ದಾರೆ.

ಆ ನಡುವಿನ ದರ ಈಗ ವರ್ಷಕ್ಕೆ 4,800 ರೂಪಾಯಿ. ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕಕ್ಕೆ ಹೋದುದಕ್ಕೆ ಕಾರಣಗಳುಂಟು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರಿನಿಂದ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಮುನ್ನ ಗಿರಾಕಿಗೆ ಸೂಚನೆ ಹೋಗಬೇಕು. ಗಿರಾಕಿಯ ರಕ್ಷಣೆಗೆ ಇದು ಒಳ್ಳೆಯ ನಿಯಮವೇ. ಆದರೆ ತಿಂಗಳಿಗೊಂದು ಸೂಚನೆ ಎಂದರೆ ‘ಇದು ನನಗೆ ಬೇಕೇ?’ ಎಂದು ವರ್ಷಕ್ಕೆ ಹನ್ನೆರಡು ಸಲ ಯೋಚಿಸಲು ಆಹ್ವಾನ. ಅಲ್ಲದೆ ನಮ್ಮ ವ್ಯಾಪಾರಿಗಳಿಗೆ ವರ್ಷದ ಲೆಕ್ಕ ಹೊಸದಲ್ಲ. ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ಪುಸ್ತಕ ತೆರೆಯುವವರು ಅವರು. ತೆರಿಗೆಯನ್ನೂ ಮರೆಯುವಂತಿಲ್ಲ. 18 ಶೇಕಡಾ ಜಿ.ಎಸ್.ಟಿ. ಸೇರಿದರೆ 4,800 ಎಂಬುದು 5,664 ಆಗುತ್ತದೆ. ಐದು ಶೇಕಡಾ ತೆರಿಗೆ ಕಟ್ಟುವ ಸಣ್ಣ ಹೋಟೆಲಿನವರಿಗೆ ಈ 864 ರೂಪಾಯಿಯನ್ನು ಹಿಂದಕ್ಕೆ ಪಡೆಯುವ ಹಾದಿಯಿಲ್ಲ. ಬೆಲೆ ಹೇಳುವಾಗ 5,664 ಎಂದೇ ಹೇಳಬೇಕೆಂದು ಲೆಕ್ಕಪತ್ರದವರಾದ ನಾವು ಹಟ ಹಿಡಿದೆವು, ಹಾಗೆಯೇ ಹೇಳುತ್ತಿದ್ದಾರೆ.

ಹಳೆಯ ಗಿರಾಕಿಗಳಿಗೆ ಹೊಸ ದರ ಹೇಳುವುದು ಕಷ್ಟದ ಕೆಲಸ. 99ರವರು 140 ಮಂದಿ ಇದ್ದರು. ಅವರಿಗೆ ಮೂರು ತಿಂಗಳು ಮೊದಲೇ ಕನ್ನಡ, ಮರಾಠಿ, ಇಂಗ್ಲಿಷುಗಳಲ್ಲಿ ಪತ್ರ ಹೋಯಿತು: ದರ ಏಕೆ ಏರಿತು, ಏನು ಸಿಗುತ್ತದೆ, ಬೇಡವಾದರೆ ತಮ್ಮ ಸಾಮಗ್ರಿಯನ್ನೆಲ್ಲ ಹೇಗೆ ಒಯ್ಯಬಹುದು. 51 ಮಂದಿ ಬಿಟ್ಟರು. ಆ ವಾರಗಳಲ್ಲಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಕಂಪನಿಯ ಖಾತೆಯಲ್ಲಿ ಏಳು ತಿಂಗಳ ಖರ್ಚಿಗಾಗುವಷ್ಟು ಹಣ ಮಾತ್ರ ಇತ್ತು. ಉಳಿದ 89 ಮಂದಿ ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದರು. ತೆರಿಗೆ ಬಿಟ್ಟು 4,27,200 ರೂಪಾಯಿ. 140 ಮಂದಿಯೂ ಉಳಿದು 99ರಂತೆ ಕೊಟ್ಟಿದ್ದರೆ ವರ್ಷಕ್ಕೆ ಬರುತ್ತಿದ್ದುದು 1,66,320. ಹುಡುಗರು ಸಂತೋಷಪಟ್ಟಾಗ ಒಂದು ಎಚ್ಚರಿಕೆಯ ಮಾತು ಹೇಳಿದೆವು: ಇದು ಖಾನಾವಳಿಯವರು ಮೊದಲೇ ಪಡೆದ ತಿಂಗಳ ಊಟದ ಹಣದಂತೆ. ಕೈಯಲ್ಲಿದ್ದರೂ ನಮ್ಮದಲ್ಲ, ಬಡಿಸಿದ ಊಟದಷ್ಟು ಮಾತ್ರ ನಮ್ಮದು.

ಇದೇ ಸಮಯದಲ್ಲಿ ಹಣ ಹೂಡುವ ಮಹನೀಯರೊಬ್ಬರು ಬಂದರು. ‘ಒಂದು ಲಕ್ಷ ಅಂಗಡಿಗಳಿಗೆ ಬಿಟ್ಟಿ ಕೊಡಿ, ಖರ್ಚು ನಮ್ಮದು, ಸಂಖ್ಯೆ ಬೆಳೆದ ಮೇಲೆ ದೊಡ್ಡ ಕಂಪನಿಗೆ ಮಾರೋಣ’ ಎಂಬುದು ಅವರ ಸಲಹೆ. ಹಾಸ್ಯಾಸ್ಪದವಾದ ಸಲಹೆಯೇನಲ್ಲ. ಹೈದರಾಬಾದಿನಲ್ಲಿ 2012ರಲ್ಲಿ ಹುಟ್ಟಿ ಸಣ್ಣ ವ್ಯಾಪಾರಿಗಳನ್ನು ಜಾಲಕ್ಕೆ ತರುವ ಕೆಲಸ ಮಾಡಿದ ನೌಫ್ಲೋಟ್ಸ್ ಕಂಪನಿಯ ಬಹುಪಾಲನ್ನು 2019ರಲ್ಲಿ ರಿಲಯನ್ಸ್ ಸಮೂಹ ಸುಮಾರು 141 ಕೋಟಿ ರೂಪಾಯಿಗೆ ಕೊಂಡಿತು. ಅಮೆರಿಕದ ವೀಬ್ಲಿಯನ್ನು 2018ರಲ್ಲಿ ಸ್ಕ್ವೇರ್ ಎಂಬ ಕಂಪನಿ ಸುಮಾರು 365 ದಶಲಕ್ಷ ಡಾಲರಿಗೆ ಕೊಂಡಿತು. ಮಾರುವುದೂ ಒಂದು ದಾರಿಯೇ. ಆದರೆ ಮಹನೀಯರ ಸಲಹೆಗೆ ಒಂದು ಬಾಲ ಇತ್ತು: ಅಂಗಡಿಗಳ ಡೊಮೇನ್, ಎಂದರೆ ಜಾಲದಲ್ಲಿ ಅಂಗಡಿಯ ಹೆಸರು, ಕಂಪನಿಯ ಹೆಸರಿನಲ್ಲಿಯೇ ನೋಂದಣಿಯಾಗಲಿ. ಆಗ ಗಿರಾಕಿ ಬಿಡಬೇಕೆಂದರೂ ಬಿಡಲಾರ.

ತೂತು ಮುಚ್ಚಲು ಇದೂ ಒಂದು ಉಪಾಯ. ನೂರಕ್ಕೆ ಐದು ಇದ್ದುದು ಒಂದಕ್ಕೆ ಇಳಿಯಬಹುದು. ನಮ್ಮ ಗಣಿತಕ್ಕೆ ಅದು ಬಹಳ ಸೊಗಸಾಗಿ ಹೊಂದುತ್ತದೆ. ನಮ್ಮ 4 ಲಕ್ಷವೂ ಭದ್ರವಾಗುತ್ತಿತ್ತು. ಆ ರಾತ್ರಿ ಬಹಳ ಹೊತ್ತು ಚರ್ಚೆ ನಡೆಯಿತು. ಮಗಳು ಕೊನೆಗೆ, “ಅಪ್ಪಾ, ಆ ಠಾಣೆಯವರು ಇಪ್ಪತ್ತು ವರ್ಷ ಮದುವೆಮನೆಗಳಲ್ಲಿ ಬಡಿಸಿ ಆ ಹೆಸರು ಮಾಡಿದ್ದಾರೆ. ಅದನ್ನು ನಾನು ಹೇಗೆ ಒತ್ತೆ ಇಟ್ಟುಕೊಳ್ಳಲಿ?” ಎಂದಳು. ನಾವಿಬ್ಬರೂ ಒಪ್ಪಿದೆವು. ಒಪ್ಪುವಾಗ ಎದೆ ಸ್ವಲ್ಪ ಹೊಡೆದುಕೊಂಡಿತೆಂಬುದನ್ನು ಮುಚ್ಚಿಡುವುದಿಲ್ಲ. ಮಹನೀಯರಿಗೆ ಧನ್ಯವಾದದ ಪತ್ರ ಹೋಯಿತು.

ಈಗ ಹುಡುಗರು ಹಿಡಿದಿರುವ ದಾರಿ ಸಣ್ಣದು. ಎಲ್ಲ ಅಂಗಡಿಗಳ ಬೆನ್ನು ಹತ್ತುವುದನ್ನು ಬಿಟ್ಟಿದ್ದಾರೆ. ಚಹಾದಂಗಡಿಗೆ ವೆಬ್‌ಸೈಟು ಬೇಕಾಗಿಲ್ಲ. ವಾಟ್ಸಾಪು, ಗೂಗಲ್ ನಕ್ಷೆ ಸಾಕು ಎಂದು ಅವರೇ ಹೇಳಿ ಕಳುಹಿಸುತ್ತಾರೆ. ಮದುವೆಯ ಅಡಿಗೆಯವರು, ಸಭಾಗೃಹದವರು, ಪುರೋಹಿತರು, ಹೂವಿನ ಅಲಂಕಾರದವರು ಇಷ್ಟೇ ಜನ ಅವರ ಗಿರಾಕಿಗಳು. ಗೊತ್ತಿಲ್ಲದ ಊರಿನಿಂದ ವಿಚಾರಿಸುವವರು ಈ ಕಸುಬಿನವರಿಗೆ ಉಂಟು. ದರಪಟ್ಟಿ ಓದಿ ನಿರ್ಧಾರ ಮಾಡುವವರು ಉಂಟು. ಒಬ್ಬ ಅಡಿಗೆಯವರ ಪುಟ ಚೆನ್ನಾಗಿದ್ದರೆ ಅದೇ ಮದುವೆಯ ಹೂವಿನವರು ‘ಇದನ್ನು ಮಾಡಿದವರು ಯಾರು?’ ಎಂದು ಕೇಳುತ್ತಾರೆ. ಹಾಗೆ ಬಂದ ಗಿರಾಕಿಗೆ 1,500 ರೂಪಾಯಿಯ ಓಡಾಟವಿಲ್ಲ. ಹೆಸರನ್ನು ಮಾತ್ರ ಮೊದಲ ದಿನವೇ ಗಿರಾಕಿಯ ಹೆಸರಿನಲ್ಲಿ ನೋಂದಾಯಿಸಿ, ಅದರ ಗುಪ್ತಪದವನ್ನು ಬರೆದ ಕಾಗದವನ್ನು ಅವರ ಕೈಗೇ ಕೊಡುತ್ತಾರೆ.

ಮೊದಲ ವರ್ಷದ ಹಣ ಕಟ್ಟಿದವರ ಅವಧಿ ಬರುವ ದೀಪಾವಳಿಗೆ ಮುಗಿಯುತ್ತದೆ. ಎಷ್ಟು ಮಂದಿ ಮತ್ತೆ ಕಟ್ಟುತ್ತಾರೆಂಬುದು ಆಗ ತಿಳಿಯಬೇಕು; ಅಲ್ಲಿಯವರೆಗೆ ನಮ್ಮ ಲೆಕ್ಕವೆಲ್ಲ ಪೆನ್ಸಿಲಿನದೇ. ವಾಚಕರಲ್ಲಿ ಅಂಗಡಿ, ಹೋಟೆಲು, ಕ್ಲಿನಿಕ್ಕು ನಡೆಸುವವರು ಅನೇಕರಿದ್ದೀರಿ. ನಿಮಗೆ ವೆಬ್‌ಸೈಟು ಇದ್ದರೆ, ಯಾರೇ ಮಾಡಿಕೊಟ್ಟಿರಲಿ, ಒಂದು ವಿಷಯವನ್ನು ಈ ವಾರವೇ ವಿಚಾರಿಸಿಕೊಳ್ಳಿ: ಆ ಡೊಮೇನು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಯಾವ ತಾರೀಖಿಗೆ ನವೀಕರಿಸಬೇಕು, ಅದರ ಗುಪ್ತಪದ ಯಾರ ಬಳಿ ಇದೆ. ಮೂರಕ್ಕೂ ಉತ್ತರ ನಿಮ್ಮ ಮನೆಯಲ್ಲಿಯೇ ಸಿಕ್ಕರೆ ನಿಶ್ಚಿಂತೆಯಾಗಿರಿ. ಸಿಗದಿದ್ದರೆ ಮಾಡಿಕೊಟ್ಟವರಿಗೆ ಇವತ್ತೇ ಒಂದು ಫೋನು ಮಾಡಿ, ಎತ್ತುತ್ತಾರೋ ನೋಡಿ.